ಹಬೆಯ ಮುಯ್ಯಿ

ಸ್ಟೀಮ್ ಮಾಪ್ ಕೊಳ್ಳಲು ಹೋಗಿ, ಅದರಿಂದ ನೆಲ ಎಷ್ಟು ಸ್ವಚ್ಛವಾಗುತ್ತದೆ ಎಂದು ಒಂದು ಮಾತೂ ಕೇಳದ ಗಿರಾಕಿ ಮುಸ್ತಕೀಮ್ ಅವರ ಅಂಗಡಿಗೆ ನಾನೊಬ್ಬಳೇ ಬಂದಿರಬೇಕು. ನೆಹರೂ ರಸ್ತೆಯಲ್ಲಿ ಮಿಕ್ಸಿ, ಫ್ಯಾನು, ಗೀಸರ್ ಮಾರುತ್ತ ಇಪ್ಪತ್ತು ವರ್ಷ ಕಳೆದ ಮನುಷ್ಯ. ಮೂರು ಮಾಪ್‌ಗಳನ್ನು ಸಾಲಾಗಿ ನಿಲ್ಲಿಸಿ ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ನಾನೇ ಶುರುಮಾಡಿದೆ.

"ಸ್ವಿಚ್ ಹಾಕಿದ್ಮೇಲೆ ಎಷ್ಟು ಸೆಕೆಂಡಿಗೆ ಹಬೆ ಬರುತ್ತೆ?"

"ಇದು ಒಂದೂವರೆ ನಿಮಿಷ ಮೇಡಂ. ಟ್ಯಾಂಕ್ ದೊಡ್ಡದು. ಒಂದ್ಸಲ ತುಂಬಿಸಿದ್ರೆ ಇಡೀ ಮನೆ ಆಗುತ್ತೆ."

"ಇಡೀ ಮನೆ ಬೇಡ. ಹಾಲ್ ಸಾಕು. ಬೇಗ ಕಾಯೋದು ಬೇಕು."

"ಹಂಗಾದ್ರೆ ಇದು. ಮೂವತ್ತು ಸೆಕೆಂಡು. ಆದ್ರೆ ಟ್ಯಾಂಕ್ ಚಿಕ್ಕದು, ಕಾಲು ಗಂಟೆಗೆ ಖಾಲಿ."

"ಕಾಲು ಗಂಟೆ ಧಾರಾಳ ಆಯ್ತು. ವೈರು ಬಾಗಿಲ ತನಕ ಬರುತ್ತಾ? ಸದ್ದು ಎಷ್ಟು?"

"ಐದು ಮೀಟರ್ ಇದೆ. ಸದ್ದೇ ಇಲ್ಲ ಮೇಡಂ, ಬುಸ್ ಅನ್ನುತ್ತೆ ಅಷ್ಟೇ."

"ಬುಸ್ ಅನ್ನೋದು ಗೇಟಿಗೆ ಕೇಳ್ಸುತ್ತಾ?"

ಮುಸ್ತಕೀಮ್ ಮಾಪ್ ಬಿಟ್ಟು ನನ್ನ ಮುಖ ನೋಡಿದರು. "ಯಾಕೆ ಮೇಡಂ, ಕಳ್ಳರನ್ನ ಹೆದರ್ಸೋಕಾ?"

"ಅಲ್ಲ, ನಮ್ಮ ಅತ್ತಿಗೆಗೆ."

ಅವರು ನೆಲ ಯಾವುದೆಂದು ಮಾತ್ರ ವಿಚಾರಿಸಿದರು. ಮರದ ನೆಲವಾದರೆ ಹಬೆಗೆ ಉಬ್ಬುತ್ತದೆ, ಮೇಣ ಹಾಕಿ ಉಜ್ಜಿದ ಕೆಂಪು ಗಾರೆ ನೆಲವಾದರೆ ಮೇಣ ಎದ್ದು ಬರುತ್ತದೆ ಎಂದರು. ನಮ್ಮದು ಟೈಲ್ಸ್ ಎಂದೆ. ಹಾಗಾದರೆ ಯೋಚನೆ ಇಲ್ಲ ಎಂದು ಡಬ್ಬಕ್ಕೆ ದಾರ ಕಟ್ಟಿಕೊಟ್ಟರು.

ಇಷ್ಟಕ್ಕೆಲ್ಲ ಕಾರಣ ಹನ್ನೊಂದು ವರ್ಷ ಹಳೆಯದು. ನಮ್ಮ ಕಡೆ, ಮನೆಗೆ ಬಂದವರು ಹೊರಟ ಬೆನ್ನಿಗೇ ಕಸ ಗುಡಿಸುವುದಿಲ್ಲ, ನೆಲ ಒರೆಸುವುದಿಲ್ಲ. ಹೋದವರು ಅವರವರ ಮನೆ ಮುಟ್ಟುವಷ್ಟು ಹೊತ್ತಾದರೂ ತಾಳುತ್ತೇವೆ. ಹೊರಟ ತಕ್ಷಣ ನೆಲ ತೊಳೆಯುವುದು ಹೆಣ ಎತ್ತಿದ ಮನೆಯಲ್ಲಿ ಮಾತ್ರ. ಇದನ್ನು ಯಾರೂ ಯಾರಿಗೂ ಕೂರಿಸಿಕೊಂಡು ಕಲಿಸುವುದಿಲ್ಲ. ಪೊರಕೆ ಹಿಡಿಯಲು ಬರುವ ಹೊತ್ತಿಗೆ ಇದೂ ಗೊತ್ತಿರುತ್ತದೆ.

ಅಂದು ಭದ್ರಾವತಿಯ ನನ್ನ ತವರಿನಲ್ಲಿ ಅಪ್ಪನ ವರ್ಷದ ಕಾರ್ಯ. ಅಮ್ಮ ಬಿಟ್ಟುಹೋದ ತಾಮ್ರದ ಹಂಡೆಯನ್ನು ಅತ್ತಿಗೆ ಹಳೇ ಪಾತ್ರೆಯವನಿಗೆ ಕೊಟ್ಟು ಸ್ಟೀಲ್ ಡಬ್ಬಗಳನ್ನು ತೆಗೆದುಕೊಂಡಿದ್ದಳು. ನನಗೆ ಮೈ ಉರಿಯಿತು. ಬಂದ ನೆಂಟರೆಲ್ಲರ ಎದುರಿಗೇ "ಇದು ನನ್ನ ಅಮ್ಮನ ಮನೆ, ನಿಮ್ಮ ತವರಿಂದ ಹೊತ್ತು ತಂದಿದ್ದಲ್ಲ" ಎಂದುಬಿಟ್ಟೆ. ಊಟ ಮುಗಿಸಿ ಹೊರಟೆ. ಬೀದಿಯ ಕೊನೆ ತಲುಪುವಷ್ಟರಲ್ಲಿ ಹನಿ ಶುರುವಾಯಿತು. ಮರೆತ ಕೊಡೆ ತರಲು ತಿರುಗಿ ಬಂದೆ.

ಬಾಗಿಲು ತೆರೆದೇ ಇತ್ತು. ಅತ್ತಿಗೆ ಮಂಡಿಯೂರಿ ಕೂತು ಕೆಂಪು ನೆಲ ಒರೆಸುತ್ತಿದ್ದಳು. ತಲೆ ಎತ್ತಿದಳು, ನನ್ನನ್ನು ನೋಡಿದಳು. ಬಟ್ಟೆಯನ್ನು ಬಕೆಟ್ಟಿಗೆ ಅದ್ದಿ, ಹಿಂಡಿ, ನಾನು ಚಪ್ಪಲಿ ಮೆಟ್ಟಲು ನಿಂತಿದ್ದ ಜಾಗವನ್ನೇ ಇನ್ನೊಂದು ಸಲ ಒರೆಸಿದಳು. ನಾನು ಕೊಡೆ ತೆಗೆದುಕೊಳ್ಳದೆ ನೆನೆದುಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ.

ಆಮೇಲೆ ಆ ಹೊಸ್ತಿಲು ತುಳಿಯಲಿಲ್ಲ. ಸುದರ್ಶನ, ನನ್ನ ಅಣ್ಣ, ತಿಂಗಳಿಗೊಮ್ಮೆ ಶಿವಮೊಗ್ಗಕ್ಕೆ ಬಂದು ಗೋಗರೆಯುತ್ತಿದ್ದ. "ಬಾರೇ ವೀಣಾ, ಹಠ ಎಷ್ಟು ದಿನ?" ಸತ್ತವರು ತಿರುಗಿ ಬರುವುದಿಲ್ಲ ಎನ್ನುತ್ತಿದ್ದೆ. ಮೂರು ವರ್ಷದ ಕೆಳಗೆ ಅವನು ಹೃದಯ ನಿಂತು ಹೋದ. ಆಗಲೂ ನಾನು ಆ ಮನೆಯ ಎದುರಿನ ರಸ್ತೆಯಲ್ಲೇ ನಿಂತಿದ್ದೆ. ಅಣ್ಣನನ್ನು ಎತ್ತಿದ ಮೇಲೆ ಹೆಂಗಸರು ನೆಲಕ್ಕೆ ನೀರು ಹಾಕಿದ್ದನ್ನು ಅಲ್ಲಿಂದಲೇ ನೋಡಿದೆ. ಅವನ ಮುಖವನ್ನು ಹತ್ತಿರದಿಂದ ನೋಡಲಾಗಲಿಲ್ಲ. ಅದಕ್ಕಾಗಿ ಅತ್ತಿಗೆಯನ್ನು ಕ್ಷಮಿಸಲು ನನ್ನಿಂದ ಸಾಧ್ಯವಿಲ್ಲ.

ಹೋದ ತಿಂಗಳು ಅವಳೇ ಫೋನ್ ಮಾಡಿದಳು. "ಹೇಮಶ್ರೀ ಮದುವೆ ಗೊತ್ತಾಗಿದೆ. ಸೋದರತ್ತೆ ಇಲ್ದೆ ಆಗಲ್ಲ. ಭಾನುವಾರ ಕರೆಯೋಕೆ ಬರ್ತೀನಿ."

ಬನ್ನಿ ಎಂದೆ. ಅಷ್ಟು ಮೆತ್ತಗೆ ನಾನು ಯಾರಿಗೂ ಬನ್ನಿ ಎಂದಿದ್ದಿಲ್ಲ. ಫೋನ್ ಇಟ್ಟವಳೇ ಮುಸ್ತಕೀಮ್ ಅಂಗಡಿಗೆ ಹೊರಟೆ.

ನನ್ನ ಗಂಡ ನಾಗೇಶನಿಗೆ ಡಬ್ಬ ನೋಡಿಯೇ ವಿಷಯ ತಿಳಿಯಿತು. "ಮಾರಾಯ್ತಿ, ಮದುವೆಗೆ ಮುಯ್ಯಿ ಏನು ಮಾಡೋದು ಅಂತ ಯೋಚಿಸೋದು ಬಿಟ್ಟು, ಮುಯ್ಯಿ ತೀರಿಸ್ಕೊಳ್ಳೋಕೆ ಮಿಷಿನ್ ತಂದಿದೀಯಲ್ಲ! ಮನೇಲಿ ಬಕೆಟ್ ಇರ್ಲಿಲ್ವಾ?"

"ಬಕೆಟ್ ಆದ್ರೆ ಬಗ್ಗಬೇಕು. ಸೇಡು ತೀರಿಸ್ಕೊಳ್ಳೋವಾಗ ನಾನ್ಯಾಕೆ ಬಗ್ಗಲಿ?"

ನನ್ನ ಲೆಕ್ಕಾಚಾರ ಸರಳವಾಗಿತ್ತು. ಅತ್ತಿಗೆ ಎದ್ದ ಕೂಡಲೇ ಸ್ವಿಚ್ ಒತ್ತಬೇಕು. ಅವಳು ಚಪ್ಪಲಿ ಮೆಟ್ಟಿ ಗೇಟು ತಲುಪುವ ಹೊತ್ತಿಗೆ ಹಬೆ ಬುಸುಗುಡಬೇಕು. ತಿರುಗಿ ನೋಡಿದರೆ ನಾನು ತಲೆ ಎತ್ತಿ ನಿಂತು, ಅವಳ ಕಣ್ಣಲ್ಲಿ ಕಣ್ಣಿಟ್ಟು, ಅವಳ ಹೆಜ್ಜೆ ಒರೆಸುತ್ತಿರಬೇಕು. ನಾಗೇಶನನ್ನು ಕುರ್ಚಿಯಿಂದ ಗೇಟಿನವರೆಗೆ ಮೂರು ಸಲ ನಡೆಸಿ ಮೊಬೈಲಿನಲ್ಲಿ ಸಮಯ ನೋಡಿದೆ. ಮೂರನೆಯ ಸಲ, ಅತ್ತಿಗೆಗೆ ಮಂಡಿ ನೋವಿದೆ, ಸ್ವಲ್ಪ ಕುಂಟಿ ಎಂದೆ. ಅವನು ಕುಂಟಿದ. ಐವತ್ತೆರಡು ಸೆಕೆಂಡು. ಮೂವತ್ತರ ಮಾಪ್ ತಂದದ್ದು ಸರಿಯಾಯಿತು ಎಂದು ನೆಮ್ಮದಿಯಾಯಿತು.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಗೇಟಿನ ಸದ್ದಾಯಿತು. ಮಾಪ್ ಬಾಗಿಲ ಹಿಂದೆ ನೀರು ತುಂಬಿಕೊಂಡು, ಪ್ಲಗ್ ಚುಚ್ಚಿಸಿಕೊಂಡು ನಿಂತಿತ್ತು. ನಾಗೇಶ ಜಗಳ ನೋಡಲಾರೆ ಎಂದು ತರಕಾರಿಯ ನೆಪದಲ್ಲಿ ಪರಾರಿಯಾಗಿದ್ದ. ಬಾಗಿಲು ತೆಗೆದರೆ ಅತ್ತಿಗೆ ಒಬ್ಬಳೇ ಇರಲಿಲ್ಲ. ಅವಳ ಹಿಂದೆ ಹೆಲ್ಮೆಟ್ ಕೈಯಲ್ಲಿ ಹಿಡಿದು ಹೇಮಶ್ರೀ ನಿಂತಿದ್ದಳು.

ಏಳು ವರ್ಷದವಳಿದ್ದಾಗ ಬಿಟ್ಟುಬಂದ ಹುಡುಗಿ. ಅಣ್ಣ ತೋರಿಸುತ್ತಿದ್ದ ಫೋಟೋಗಳಲ್ಲಿ ಬೆಳೆದದ್ದನ್ನು ನೋಡಿದ್ದೆ, ಅಷ್ಟೇ. ಈಗ ಎದುರಿಗೆ ಅಣ್ಣನದೇ ಹಣೆ, ಅಣ್ಣನದೇ ಕಿವಿ. "ಅತ್ತೆ" ಎಂದು ಬಂದು ತಬ್ಬಿಕೊಂಡಳು.

ಅತ್ತಿಗೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಳು. "ಕುಂಕುಮ ಇಟ್ಟು ಕರೀಬೇಕಲ್ಲ. ನಾನು ಇಡೋ ಹಾಗಿಲ್ಲ. ಅದಕ್ಕೇ ಇವಳನ್ನ ಕರ್ಕೊಂಡು ಬಂದೆ" ಎಂದಳು.

ನನಗೆ ಯಾರೋ ಕಪಾಳಕ್ಕೆ ಬಾರಿಸಿದಂತಾಯಿತು. ಅವಳು ವಿಧವೆ ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ವೈರಿನ ಉದ್ದ, ಹಬೆಯ ಸೆಕೆಂಡು ಎಲ್ಲ ಅಳೆದವಳು, ಅಣ್ಣ ಸತ್ತಿದ್ದಾನೆ ಎಂಬುದನ್ನೇ ಮರೆತಿದ್ದೆ. ಆ ನಾಚಿಕೆಯ ಜೊತೆಗೇ ಸಿಟ್ಟೂ ಬಂತು. ಹುಡುಗಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹಾಲ್ ದಾಟಿ ಅಡುಗೆಮನೆಗೆ, ಅಲ್ಲಿಂದ ಹಿತ್ತಿಲಿಗೆ, ರೂಮುಗಳಿಗೆ ಓಡಾಡುತ್ತಿದ್ದಳು. ಇನ್ನೆರಡು ವಾರಕ್ಕೆ ಮದುವೆಯಾಗುವ ಹುಡುಗಿಯ ಹೆಜ್ಜೆಯ ಮೇಲೆ ನಾನು ಬಟ್ಟೆ ಆಡಿಸಲೇ? ತಾಯಿ ಮಗಳು ಒಟ್ಟಿಗೆ ಹೊರಟರೆ ಒಬ್ಬಳಿಗೆ ಮಾತ್ರ ನೆಲ ಒರೆಸುವುದು ಹೇಗೆ?

ಕಾಫಿ ಕೊಟ್ಟೆ. ಹುಡುಗಿ ನನ್ನ ಹಣೆಗೆ ಕುಂಕುಮವಿಟ್ಟು, ಪತ್ರಿಕೆ ಕೈಗಿಟ್ಟು, ಕಾಲಿಗೆ ಬಿದ್ದಳು. ತಲೆ ಸವರಿ ಮೇಲೆತ್ತಿದೆ. ಆಶೀರ್ವಾದ ಮಾಡುವಾಗಲೂ ನನ್ನ ಕಣ್ಣು ಬಾಗಿಲ ಹಿಂದಿನ ಮಾಪಿನ ಮೇಲೇ ಇತ್ತು. ಅತ್ತಿಗೆ ಕೊನೆಯ ತೊಟ್ಟಿನವರೆಗೂ ಕಾಫಿ ಕುಡಿದು ಲೋಟ ಕೆಳಗಿಟ್ಟಳು. ಬಂದಾಗಿನಿಂದ ಅವಳು ಆ ಕುರ್ಚಿ ಬಿಟ್ಟು ಅಲುಗಿರಲಿಲ್ಲ. ಮನೆ ನೋಡು ಬಾ ಎಂದು ಮಗಳು ಕರೆದರೂ ಮಂಡಿ ನೋವು ಎಂದಿದ್ದಳು.

ನಮ್ಮ ಗೋಪಾಳ ಬಡಾವಣೆಯ ರಸ್ತೆಯನ್ನು ಚರಂಡಿಗೆಂದು ಅಗೆದಿದ್ದರು. ಸ್ಕೂಟರನ್ನು ದೂರ ನಿಲ್ಲಿಸಿದ್ದ ಹೇಮಶ್ರೀ, "ಅಮ್ಮ, ನೀನು ನಿಧಾನಕ್ಕೆ ಬಾ, ನಾನು ಗಾಡಿ ತಿರುಗಿಸ್ತೀನಿ" ಎಂದು ಮುಂದೆ ಹೋದಳು. ಅತ್ತಿಗೆ ಕುರ್ಚಿಯ ಕೈ ಹಿಡಿದು ಎದ್ದಳು. ಎರಡು ದಿನ ಅಭ್ಯಾಸ ಮಾಡಿದ ನನ್ನ ಕೈ ತಾನಾಗಿಯೇ ಸ್ವಿಚ್ ಒತ್ತಿಬಿಟ್ಟಿತು. ಆರಿಸಬೇಕೋ ಬೇಡವೋ ಎಂದು ಯೋಚಿಸುತ್ತ ನಿಂತೆ. ಮೂವತ್ತು ಸೆಕೆಂಡು ಆಗಿಯೇ ಹೋಯಿತು. ಬಾಗಿಲ ಹಿಂದಿನಿಂದ ಬುಸ್ ಎಂದಿತು.

ಅತ್ತಿಗೆ ತಿರುಗಿ ಮಾಪನ್ನು ನೋಡಿದಳು, ಆಮೇಲೆ ನನ್ನನ್ನು.

"ನನಗೇ ಅಂತ ತಂದಿದ್ದಾ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ನಿಮಗೇ."

"ಅವತ್ತು ನೀನು ಕೊಡೆಗೆ ಬಂದು ನಿಂತಿದ್ದು ನೋಡಿದ್ದೆ. ನೋಡೇ ಒರೆಸ್ದೆ. ನಿಲ್ಲಿಸ್ಬೋದಿತ್ತು, ನಿಲ್ಲಿಸ್ಲಿಲ್ಲ. ಅಷ್ಟು ಜನದ ಮುಂದೆ ನನ್ನ ಮನೆನ ನನ್ನದಲ್ಲ ಅಂದೆಯಲ್ಲ, ಇನ್ನು ನೀನು ಇಲ್ಲಿಗೆ ಬರಲೇಬಾರ್ದು ಅನ್ನಿಸ್ತು." ಧ್ವನಿಯಲ್ಲಿ ಬೇಡಿಕೆಯೇನೂ ಇರಲಿಲ್ಲ. "ನೀನೂ ಮಾಡು ಈಗ. ಇವತ್ತು ಏನಾದ್ರೂ ಇರುತ್ತೆ ಅಂತ ಗೊತ್ತಿತ್ತು. ಅದಕ್ಕೇ ಕುರ್ಚಿ ಬಿಟ್ಟು ಏಳ್ಲಿಲ್ಲ. ಇಲ್ಲಿಂದ ಬಾಗಿಲಿಗೆ ಆರು ಟೈಲ್ಸು. ಅಷ್ಟು ಒರೆಸು. ಹುಡುಗಿ ಹೆಜ್ಜೆ ಮಾತ್ರ ಮುಟ್ಬೇಡ."

ಅವಳು ಹೊರಗೆ ಹೋಗಿ ಚಪ್ಪಲಿ ಮೆಟ್ಟಿ ಮೆಟ್ಟಿಲ ಮೇಲೆ ನಿಂತಳು, ನನ್ನ ಕಡೆಗೇ ಮುಖ ಮಾಡಿ.

ಒರೆಸಿದೆ. ಯಾರೋ ಬೇಡವೆಂದು ಕೈ ಹಿಡಿಯುತ್ತಾರೆ, ನನ್ನ ಮನಸ್ಸೇ ಕರಗುತ್ತದೆ ಎಂದೆಲ್ಲ ಆಗಲಿಲ್ಲ. ಕುರ್ಚಿಯ ಕೆಳಗಿನಿಂದ ಶುರುಮಾಡಿ ಒಂದೊಂದೇ ಟೈಲ್ಸನ್ನು ಅವಳ ಕಣ್ಣೆದುರೇ ಉಜ್ಜಿದೆ. ಕೊಡೆಗೊಂದು ಸಲ, ಹಂಡೆಗೊಂದು ಸಲ, ನೋಡಲಾಗದ ಅಣ್ಣನ ಮುಖಕ್ಕೆ ಎರಡು ಸಲ. ಹಬೆ ಮುಖಕ್ಕೆ ಬಡಿಯುತ್ತಿತ್ತು. ಖುಷಿಯಾಯಿತು. ಹನ್ನೊಂದು ವರ್ಷ ಕಾದಿದ್ದ ಖುಷಿ, ನಾನದನ್ನು ಅಲ್ಲಗಳೆಯುವುದಿಲ್ಲ. ಆರನೆಯ ಟೈಲ್ಸಿಗೆ ಬಂದಾಗ ಅತ್ತಿಗೆಯ ಹಿಂದೆ ಗೇಟು ಕಿರ್ ಎಂದಿತು.

"ಅತ್ತೆ, ಹೆಲ್ಮೆಟ್ ಮರ್ತೆ" ಎನ್ನುತ್ತ ಹೇಮಶ್ರೀ ಮೆಟ್ಟಿಲು ಹತ್ತಿ ಬಂದವಳು ಅಲ್ಲೇ ನಿಂತಳು.

ಅವಳ ಕಣ್ಣು ಮಾಪಿನ ಮೇಲೆ ಹೋಯಿತು, ಒದ್ದೆ ನೆಲದ ಮೇಲೆ ಹೋಯಿತು, ನನ್ನ ಮೇಲೆ ಬಂತು. ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು. ಮಳೆಯಲ್ಲಿ ಬಸ್ ಸ್ಟ್ಯಾಂಡಿನವರೆಗೂ ಅದನ್ನು ಹೊತ್ತುಕೊಂಡು ಹೋದವಳು ನಾನೇ. ನಿನ್ನ ಹೆಜ್ಜೆಯಲ್ಲ ಕಣೇ, ಇಷ್ಟೇ ಇಷ್ಟು ಜಾಗ, ನಿನ್ನ ಅಮ್ಮನದು ಎಂದು ಹೇಳುವುದಾದರೂ ಹೇಗೆ? ಈ ಹುಡುಗಿಯೂ ಇನ್ನು ಈ ಹೊಸ್ತಿಲು ತುಳಿಯುವುದಿಲ್ಲ, ತವರೆಂದು ನನಗೆ ಉಳಿದ ಕೊನೆಯ ಜೀವವನ್ನೂ ನಾನೇ ಒರೆಸಿ ಹಾಕಿದೆ ಎನ್ನಿಸಿತು.

"ಕಾಫಿ ಚೆಲ್ಬಿಟ್ಟೆ ಕಣೇ" ಎಂದಳು ಅತ್ತಿಗೆ. "ನನ್ನ ಕೈ ನಡುಗುತ್ತಲ್ಲ. ಇರ್ಲಿ ಬಿಡು, ಆಮೇಲೆ ಒರೆಸ್ಕೊ ಅಂದ್ರೆ ನಿನ್ನ ಅತ್ತೆ ಎಲ್ಲಿ ಕೇಳ್ತಾಳೆ. ಸಕ್ಕರೆ ಅಂಟುತ್ತಂತೆ, ಇರುವೆ ಬರುತ್ತಂತೆ. ಹೋಗು, ತುಳ್ಕೊಂಡೇ ಹೋಗು, ತಗೊಂಡು ಬಾ."

ಒಣಗಿದ ಲೋಟ ಟೀಪಾಯಿಯ ಕೆಳಗೆ ಹಾಗೆಯೇ ಇತ್ತು. ಹುಡುಗಿ ಅದನ್ನು ನೋಡಲಿಲ್ಲ. ಹೋದ ಉಸಿರು ಬಂದವಳಂತೆ ನಕ್ಕು, ಆರೂ ಟೈಲ್ಸಿನ ಮೇಲೆ ನಡೆದು ಒಳಗೆ ಬಂದಳು.

"ಅಯ್ಯೋ ಅತ್ತೆ, ನೆಲ ಎಷ್ಟು ಬೆಚ್ಚಗಿದೆ!"

ಹೆಲ್ಮೆಟ್ ತೆಗೆದುಕೊಂಡು ಅದೇ ದಾರಿಯಲ್ಲಿ ಹೊರಗೆ ಹೋದಳು. ಅತ್ತಿಗೆ ಹಿಂತಿರುಗಿ ನೋಡಲಿಲ್ಲ, ಹೋಗಿಬರುತ್ತೇನೆ ಎನ್ನಲಿಲ್ಲ. ಕುಂಟುತ್ತ ಗೇಟು ದಾಟಿದಳು. ನಾನು ಪ್ಲಗ್ ಕಿತ್ತು, ಒದ್ದೆ ನೆಲದ ಮೇಲೆ ಮೂಡಿದ್ದ ಹುಡುಗಿಯ ಹೆಜ್ಜೆಗಳು ತಾವಾಗಿಯೇ ಆರುವವರೆಗೆ ಪಕ್ಕದಲ್ಲಿ ಕೂತಿದ್ದೆ. ಕಾಫಿ ಚೆಲ್ಲಿತ್ತು ಎಂಬಂಥದೊಂದು ಸುಳ್ಳನ್ನು ಹನ್ನೊಂದು ವರ್ಷದ ಹಿಂದೆ, ನಾನು ಕೊಡೆಗೆ ಬಂದು ನಿಂತಾಗ, ಅವಳು ನನಗೆ ಹೇಳಿದ್ದರೆ ನಾನು ನಂಬುತ್ತಿದ್ದೆ. ನಂಬಲು ಕಾದುಕೊಂಡೇ ಇದ್ದೆ. ಹೇಳಲಿಲ್ಲ ಅವಳು. ನನ್ನ ಸೇಡಿನ ಮಾನ ಕಾಪಾಡಿ ಹೋದಳಲ್ಲ, ಅದಕ್ಕೆ ಮಾತ್ರ ಅವಳ ಮೇಲಿನ ಸಿಟ್ಟು ಇನ್ನೂ ಹೆಚ್ಚಾಯಿತು.

ಮದುವೆಗೆ ಮೂರು ದಿನ ಇರುವಾಗ ಮತ್ತೆ ಮುಸ್ತಕೀಮ್ ಅಂಗಡಿಗೆ ಹೋದೆ. ಹುಡುಗಿಗೆ ಬೆಳ್ಳಿ ದೀಪ ಆಗಲೇ ತಂದಿದ್ದೆ. ಅವಳ ಅಮ್ಮನಿಗೆ ಬೇರೆ ಮುಯ್ಯಿ ಬೇಕಿತ್ತು.

"ಅದೇ ಮಾಪ್ ಇನ್ನೊಂದು ಕೊಡಿ. ಮೇಲೆ ಬಣ್ಣದ ಕಾಗದ ಸುತ್ತಿ."

"ಆ ಮನೆ ನೆಲ ಯಾವ್ದು ಮೇಡಂ?"

"ಕೆಂಪು ಗಾರೆ. ಮೇಣ ಹಾಕಿ ಉಜ್ಜಿದ್ದು."

"ಹಂಗಾದ್ರೆ ಬೇಡ. ಮೇಣ ಎದ್ದು ಬರುತ್ತೆ ಅಂತ ಅವತ್ತೇ ಹೇಳಿದ್ನಲ್ಲ."

"ಬರ್ಲಿ" ಎಂದೆ.

ಡಬ್ಬದೊಳಗೆ ಒಂದು ಚೀಟಿ ಇಟ್ಟೆ. ಅತ್ತಿಗೆ ಓದುತ್ತಾಳೆ, ಓದಿದರೆ ಅರ್ಥವಾಗುತ್ತದೆ. ಚೀಟಿಯಲ್ಲಿ ಹೆಸರು ಬರೆಯಲಿಲ್ಲ, ಶುಭಾಶಯ ಬರೆಯಲಿಲ್ಲ. ಮಗಳನ್ನು ಕಳಿಸಿಕೊಟ್ಟ ದಿನ ಮಾತ್ರ ಇದನ್ನು ಮುಟ್ಟಬೇಡಿ ಎಂದಷ್ಟೇ ಬರೆದೆ.