ಆರು ಪೆಟ್ಟಿಗೆಗಳ ದಿಕ್ಕು

ಶುಕ್ರವಾರ ಮಧ್ಯಾಹ್ನ ಭವ್ಯಶ್ರೀ ಮೇಡಮ್ ಪೇಢೆಯ ಡಬ್ಬಿ ಹಿಡಿದುಕೊಂಡು ನಾವು ಪೆಟ್ಟಿಗೆ ತೊಳೆಯುವ ಕೋಣೆಗೇ ಬಂದರು. ವಿಜ್ಞಾನಿಗಳು ಅಲ್ಲಿಗೆ ಬರುವುದು ಅಪರೂಪ. ನೆಲ ಒದ್ದೆ, ಎಲ್ಲ ಕಡೆ ಬಿಸಿ ಆವಿ.

“ತಗೊಳ್ಳಿ ಅಜ್ಜಿ, ಎರಡು ತಗೊಳ್ಳಿ. ಗಾಳೀಲಿ ಹರಡಲ್ಲ ಅಂತ ಗೊತ್ತಾಯ್ತು.”

ಅವರು ತುಮಕೂರಿನ ಕಡೆಯವರು. ಇನ್ನೂ ಮೂವತ್ತು ತುಂಬಿಲ್ಲ. ಪುಣೆಯ ಈ ಪ್ರಯೋಗಾಲಯದಲ್ಲಿ ಅವರಿಗೆ ಕನ್ನಡ ಮಾತಾಡಲು ಸಿಗುವವರು ಇಬ್ಬರೇ: ಪ್ರಾಣಿಮನೆಯ ಸೂಪರ್‌ವೈಸರ್ ಶಿವರುದ್ರಪ್ಪ, ಮತ್ತೆ ನಾನು, ಶಿವಬಸವ್ವ. ಹನ್ನೊಂದು ವರ್ಷದಿಂದ ಇಲ್ಲಿಯ ಹ್ಯಾಮ್‌ಸ್ಟರ್ ಎಂಬ ದುಂಡನೆಯ ಇಲಿಯಂಥ ಪ್ರಾಣಿಗಳಿಗೆ ಕಾಳು, ನೀರು ಹಾಕುವುದು, ಪೆಟ್ಟಿಗೆ ತೊಳೆಯುವುದು ನನ್ನ ಕೆಲಸ.

ಆ ತಿಂಗಳು ಪುಣೆಯಲ್ಲಿ ಹೊಸದೊಂದು ಕೆಮ್ಮು ಶುರುವಾಗಿತ್ತು. ಹಳೆಯ ವೈರಸ್ಸೇ, ರೂಪ ಬದಲಿಸಿಕೊಂಡು ಬಂದಿದೆ ಎನ್ನುತ್ತಿದ್ದರು. ಅದು ಮುಟ್ಟಿದರೆ ಮಾತ್ರ ಅಂಟುತ್ತದೆಯೋ, ದೂರದಿಂದ ಗಾಳಿಯಲ್ಲೂ ಬರುತ್ತದೆಯೋ ಎಂದು ಸೋಮವಾರ ಭವ್ಯಶ್ರೀ ಮೇಲಿನವರಿಗೆ ವರದಿ ಕೊಡಬೇಕಿತ್ತು. ಅದನ್ನು ನೋಡಿ ಆಸ್ಪತ್ರೆಗಳಿಗೂ ಶಾಲೆಗಳಿಗೂ ಸೂಚನೆ ಹೋಗುವುದಿತ್ತು. ಕೈ ತೊಳೆದುಕೊಂಡರೆ ಸಾಕು ಎಂದೋ, ಇಲ್ಲವೇ ಕೆಮ್ಮುವವರನ್ನು ಬೇರೆ ಕೋಣೆಯಲ್ಲೇ ಇಡಿ ಎಂದೋ.

“ಅದು ಹೆಂಗ ಗೊತ್ತಾಯ್ತರಿ?” ಎಂದೆ.

ಆವಿ ಹಿಡಿದ ಗಾಜಿನ ಮೇಲೆ ಅವರು ಬೆರಳಿನಿಂದ ಒಂದು ಪೆಟ್ಟಿಗೆ ಬರೆದರು. “ಮಧ್ಯೆ ತೂತಿನ ತಗಡು. ಈ ಕಡೆ ನಾವು ವೈರಸ್ ಕೊಟ್ಟ ಹ್ಯಾಮ್‌ಸ್ಟರ್, ಆ ಕಡೆ ಚೆನ್ನಾಗಿರೋದು. ಒಂದನ್ನೊಂದು ಮುಟ್ಟೋ ಹಾಗಿಲ್ಲ. ಫ್ಯಾನಿನ ಗಾಳಿ ಮೊದಲು ಕಾಯಿಲೆದರ ಮೇಲೆ ಹಾದು, ಆಮೇಲೆ ಚೆನ್ನಾಗಿರೋದರ ಕಡೆ ಹೋಗತ್ತೆ. ಆರು ಪೆಟ್ಟಿಗೆ, ಆರು ದಿನ. ಒಂದಕ್ಕೂ ಬರಲಿಲ್ಲ ಅಜ್ಜಿ.”

ಪೇಢೆ ಬಾಯಲ್ಲಿ ಹಾಗೇ ಉಳಿಯಿತು.

“ಗಾಳಿ ಮೊದಲು ಜಡ್ಡಿನದಕ್ಕ ಬಡೀಬೇಕೇನ್ರಿ?”

“ಹೂಂ ಮತ್ತೆ. ಅದೇ ತಾನೇ ಇಡೀ ಪ್ರಯೋಗ.” ಅಷ್ಟರಲ್ಲಿ ಅವರ ಫೋನು ಬಂತು. ಡಬ್ಬಿಯನ್ನು ನನ್ನ ಕೈಗಿಟ್ಟು ನಗುತ್ತಲೇ ಹೊರಟುಹೋದರು.

ತೊಳೆಯಲು ತಂದ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತೆ.

ಹಿಂದಿನ ಶನಿವಾರ ಅವರು ಮೇಜಿನ ಮೇಲೆ ಜೋಡಿ ಮಾಡಿ ಕೊಟ್ಟ ಆರೂ ಪೆಟ್ಟಿಗೆಗಳನ್ನು ಶೆಲ್ಫಿಗೆ ಇಟ್ಟವಳು ನಾನು. ಜಡ್ಡಿನದು ಇರುವ ತುದಿಗೆ ಕೆಂಪು ಚೀಟಿ ಇತ್ತು. ಕೆಂಪು ಚೀಟಿ ಫ್ಯಾನ್ ಕಡೆಗಿರಲಿ ಎಂದಿದ್ದರು. ಯಾಕೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಾಗೇ ಇಟ್ಟೆ. ಐದು ನಿಮಿಷವೂ ಆಗಿರಲಿಲ್ಲ. ನೋಡುತ್ತೇನೆ, ಆ ಜೀವಗಳು ಮೂಲೆಯಲ್ಲಿ ಮುದುಡಿ, ಮೈಗೂದಲು ಕೆದರಿಕೊಂಡು ಕೂತಿವೆ. ಫ್ಯಾನಿನ ಗಾಳಿ ನೇರ ಅವುಗಳ ಬೆನ್ನಿಗೇ ಹೊಡೆಯುತ್ತಿದೆ. ಜ್ವರ ಬಂದ ಮೈಗೆ, ಬಾಣಂತಿಗೆ, ಎಳೆಗೂಸಿಗೆ ಗಾಳಿ ಬಡಿಯಬಾರದು. ಕಿವಿಗೆ ಅರಿವೆ ಕಟ್ಟಿಕೊಂಡು, ಕಿಟಕಿ ಮುಚ್ಚಿಸಿಕೊಂಡು ನಾಲ್ಕು ಬಾಣಂತನ ಕಳೆದವಳು ನಾನು. ಪೆಟ್ಟಿಗೆಯ ಎರಡೂ ತುದಿ ಒಂದೇ ನಮೂನೆ. ಒಂದೊಂದನ್ನೇ ಎತ್ತಿ ತಿರುಗಿಸಿ ಇಟ್ಟೆ. ಗಟ್ಟಿಮುಟ್ಟಾದವು ಗಾಳಿ ತಡೆದುಕೊಳ್ಳುತ್ತವೆ ಎಂದುಕೊಂಡೆ. ಆಮೇಲೆ ಮೂಗಿನ ದ್ರವ ತೆಗೆಯಲು ಮೇಜಿಗೆ ಒಯ್ದು ತಂದಾಗಲೆಲ್ಲ ಹಾಗೇ ತಿರುಗಿಸಿಯೇ ಇಟ್ಟೆ.

ಕೋಣೆಯ ರಿಜಿಸ್ಟರಿನಲ್ಲಿ ಪ್ರತಿದಿನ ಬರೆಯುವವಳೂ ನಾನೇ. ಐವತ್ತು ದಾಟಿದ ಮೇಲೆ ರಾತ್ರಿಶಾಲೆಯಲ್ಲಿ ಕಲಿತ ಅಕ್ಷರ, ಒಂದು ಕೆಲಸವನ್ನೂ ಬಿಡದೆ ಬರೆಯುತ್ತಿದ್ದೆ. ಇದನ್ನು ಮಾತ್ರ ಬರೆದಿರಲಿಲ್ಲ. ಮಲಗಿದ ಕೂಸಿನ ಹೊದಿಕೆ ಸರಿಮಾಡಿದ್ದನ್ನು ಯಾರಾದರೂ ಬರೆದಿಡುತ್ತಾರೆಯೇ?

ಶಿವರುದ್ರಪ್ಪನಿಗೆ ಮೊದಲು ಹೇಳಿದೆ. ಅವನು ಬಾಗಿಲು ಹಾಕಿ ಬಂದ.

“ಬಸವ್ವಕ್ಕಾ, ನೀ ಇದನ್ನ ನನಗ ಹೇಳೇ ಇಲ್ಲ. ನಾ ಕೇಳೇ ಇಲ್ಲ.”

“ಈಗ ಹೇಳಿದ್ನಲ್ಲೋ.”

“ಹ್ಯಾಮ್‌ಸ್ಟರಿಗೆ ಬಾಣಂತನ ಮಾಡೀಯಲ್ಲ ನೀನು. ಕೂಸಿಗೆ ಹೊಲಿದಂಗ ತಲಿಗೆ ಕುಂಚಿಗಿ ಹೊಲಿಯೂದೊಂದು ಬಾಕಿ ಇತ್ತು.” ನಗಲು ನೋಡಿದ, ಆಗಲಿಲ್ಲ. “ಮಾರ್ಚಿಗೆ ನಿನ್ನ ಕರಾರು ಮುಗೀತದ, ಗೊತ್ತದ ಇಲ್ಲ? ಈಗ ಬಾಯಿ ಬಿಟ್ಟರ ನಾಳಿಗೇ ಮುಗೀತದ. ಹರಡಂಗಿಲ್ಲ ಅಂದ್ರ ಜನಕ್ಕೂ ಭಾಳ ಸಮಾಧಾನ. ಬಿಟ್ಟುಬಿಡು.”

“ಹರಡತಿದ್ದರ?”

ಅವನು ಹೋಗಿ ಹಾಕಿದ ಬಾಗಿಲು ತೆಗೆದ.

ಭವ್ಯಶ್ರೀ ತಮ್ಮ ಕೋಣೆಯಲ್ಲಿ ಸೋಮವಾರದ ವರದಿಯನ್ನು ಟೈಪು ಮಾಡುತ್ತಿದ್ದರು. ನಾನು ನಿಂತುಕೊಂಡೇ ಹೇಳಿದೆ. ಅವರು ಮೊದಲು ನಕ್ಕರು.

“ಇಲ್ಲ ಅಜ್ಜಿ, ನಿಮಗೆ ಕನ್‌ಫ್ಯೂಸ್ ಆಗಿದೆ. ಕೆಂಪು ಚೀಟಿ ಫ್ಯಾನ್ ಕಡೇನೇ ಇತ್ತು.”

“ಇರಲಿಲ್ಲರಿ. ಕ್ಯಾಮೆರಾ ಅದ ಅಲ್ಲರಿ ಕೋಣ್ಯಾಗ, ನೋಡ್ರಿ.”

ನೋಡಿದೆವು. ಪರದೆಯ ಮೇಲೆ ಮೈತುಂಬ ಬಿಳಿ ಅಂಗಿ, ಮುಖಕ್ಕೆ ಮುಸುಕು ಹಾಕಿಕೊಂಡ ಒಬ್ಬಾಕೆ ನನ್ನ ಹಾಗೇ ಎಡಗಾಲು ಎಳೆಯುತ್ತ ಶೆಲ್ಫಿನ ಹತ್ತಿರ ಬಂದಳು. ಒಂದು ಪೆಟ್ಟಿಗೆ ಎತ್ತಿದಳು, ಅಲುಗದಂತೆ ತಿರುಗಿಸಿದಳು, ಇಟ್ಟಳು. ಎರಡನೆಯದು. ಮೂರನೆಯದು. ಅವಳಿಗೆ ಅವಸರವೇ ಇರಲಿಲ್ಲ. ಆರನೆಯದನ್ನು ಇಟ್ಟ ಮೇಲೆ ಬಗ್ಗಿ ಒಳಗೆ ನೋಡಿ ತಲೆ ಆಡಿಸಿದಳು. ಅಷ್ಟು ನೆಮ್ಮದಿಯಿಂದ ಇಂಥ ಕೆಲಸ ಮಾಡಿದವಳು ನಾನೇ ಎಂದು ನನಗೇ ನಂಬಲಾಗಲಿಲ್ಲ.

ಭವ್ಯಶ್ರೀ ಪರದೆ ನಿಲ್ಲಿಸಿದರು.

“ಚೆನ್ನಾಗಿರೋದನ್ನೇ ಗಾಳಿಯ ಮುಂದೆ ಕೂರಿಸಿಬಿಟ್ಟಿದ್ದೀವಿ. ಕಾಯಿಲೆದರ ಉಸಿರು ಅದಕ್ಕೆ ಮುಟ್ಟೇ ಇಲ್ಲ,” ಎಂದರು. ನನಗಲ್ಲ, ತಮಗೇ.

“ಪೆಟ್ಟಿಗೆ ಈಗ ತಿರುಗಿಸಿ ಇಟ್ಟರ ಆಗೂದಿಲ್ಲೇನ್ರಿ?”

“ಯಾವುದನ್ನ ಅಜ್ಜಿ? ಶ್ವಾಸಕೋಶ ನೋಡೋಕೆ ಅಂತ ಬೆಳಿಗ್ಗೆನೇ ಹನ್ನೆರಡನ್ನೂ ಕೊಂದಾಯ್ತಲ್ಲ. ಮತ್ತೆ ಹನ್ನೆರಡು ಬೇಕು.”

ಇದು ನನಗೆ ಹೊಳೆದಿರಲಿಲ್ಲ. ಆರು ಜೀವಕ್ಕೆ ಗಾಳಿ ತಪ್ಪಿಸಲು ಹೋಗಿ ಇನ್ನೂ ಹನ್ನೆರಡಕ್ಕೆ ಸಾವಿನ ಚೀಟಿ ಅಂಟಿಸಿದ್ದೆ.

ಪ್ರಯೋಗಾಲಯದ ದೊಡ್ಡ ಸಾಹೇಬರು ಫೋನಿನಲ್ಲಿ ಭವ್ಯಶ್ರೀಗೆ ಬೈದದ್ದು ಹೊರಗಿನವರೆಗೂ ಕೇಳಿಸಿತು. ಪ್ರಯೋಗ ಮತ್ತೆ ಮಾಡಲು ಎಂಟು ದಿನ ಕೊಟ್ಟರು. ನನ್ನನ್ನು ಆ ಕೋಣೆಯಿಂದ ತೆಗೆಯುತ್ತೇನೆಂದು ಶಿವರುದ್ರಪ್ಪ ತಾನೇ ಮುಂದಾಗಿ ಹೇಳಿದ. ಭವ್ಯಶ್ರೀ ಬೇಡವೆಂದರು. “ಬೇರೆಯವರಿಗೆ ಯಾಕೆ ಅಂತ ಗೊತ್ತಿಲ್ಲ. ಅಜ್ಜಿಗೆ ಈಗ ಗೊತ್ತು.”

ಮರಿ ಹಾಕಿಸುವ ಕೋಣೆಯಿಂದ ಹನ್ನೆರಡನ್ನು ನಾನೇ ತಂದೆ. ಎಲ್ಲವೂ ನನ್ನ ಕೈಯಲ್ಲೇ ಬೆಳೆದವು. ಆರಕ್ಕೆ ಮೂಗಿನಲ್ಲಿ ವೈರಸ್ಸಿನ ಹನಿ ಬಿಟ್ಟರು. ಮರುದಿನ ಜೋಡಿ ಮಾಡಿದರು. ಜಡ್ಡಿನವನ್ನು ಗಾಳಿಗೆ ಎದುರಾಗಿ ಇಟ್ಟು, ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತೆ. ನಾಲ್ಕು ದಿನವೂ ಹಾಗೇ. ಬೆಳಿಗ್ಗೆ ಮನೆಯಿರುವ ಕೊಂಢವಾದಿಂದ ಬಂದು ಸ್ವಾರಗೇಟದಲ್ಲಿ ಬಸ್ಸು ಬದಲಿಸಿ ಕೂತಾಗ ಹಿಂದಿನ ಸೀಟಿನಲ್ಲಿ ಯಾರೋ ಕೆಮ್ಮಿದರೆ ತಿರುಗಿ ನೋಡುತ್ತಿದ್ದೆ. ನಮ್ಮ ಮಾತು ನಂಬಿ ಇವರನ್ನೆಲ್ಲ ಒಂದೇ ವಾರ್ಡಿನಲ್ಲಿ ಮಲಗಿಸುವವರಿದ್ದರು.

ಐದನೆಯ ದಿನ ಸಂಜೆ ಭವ್ಯಶ್ರೀ ಕರೆದರು. ಕಂಪ್ಯೂಟರಿನ ಮುಂದೆ ಕೂತಿದ್ದರು, ಕೈ ಕೀಲಿಗಳ ಮೇಲೆ ಇರಲಿಲ್ಲ.

“ಎಷ್ಟಕ್ಕ ಬಂದದರಿ?”

“ಆರು.”

“ಆರರಾಗ ಎಷ್ಟು?”

“ಆರಕ್ಕೆ ಆರೂ ಅಜ್ಜಿ. ನಾಲ್ಕಕ್ಕೆ ಎರಡನೇ ದಿನಾನೇ ಬಂದುಬಿಟ್ಟಿದೆ.”

ಬಾಗಿಲಲ್ಲಿ ನಿಂತಿದ್ದ ಶಿವರುದ್ರಪ್ಪ ಬಂದು ಪಕ್ಕದ ಕುರ್ಚಿಯಲ್ಲಿ ಕೂತ.

ಭವ್ಯಶ್ರೀ ಸಾಹೇಬರಿಗೆ ಫೋನು ಹಚ್ಚಿದರು. ಹೇಳಿದರು, ಮತ್ತೆ ಹೇಳಿದರು. ಆಮೇಲೆ ಫೋನನ್ನು ನನ್ನ ಕಡೆ ಚಾಚಿ, “ಪೆಟ್ಟಿಗೆ ಇಟ್ಟವರ ಹತ್ರಾನೇ ಮಾತಾಡಬೇಕಂತೆ,” ಎಂದರು.

ಸಾಹೇಬರು ಮರಾಠಿಯಲ್ಲಿ ಕೇಳಿದರು, ನಾನೂ ಮರಾಠಿಯಲ್ಲೇ ಹೇಳಿದೆ.

“ಈ ಸಲ ರೋಗದ್ದು ಯಾವ ಕಡೆಗಿತ್ತು?”

“ಫ್ಯಾನಿನ ಕಡೆಗೆ ಸಾಹೇಬ. ಆರೂ.”

“ಹಿಂದಿನ ಸಲ?”

“ಆಚೆ ಕಡೆಗೆ. ತಿರುಗಿಸಿದ್ದು ನಾನೇ.”

“ಹೀಗೆ ಹೇಳೆಂದು ಯಾರೂ ಹೇಳಿಕೊಟ್ಟದ್ದಲ್ಲ ತಾನೇ?”

“ಅಲ್ಲ ಸಾಹೇಬ.”

ಆ ಕಡೆಯಿಂದ ಕಾಗದದ ಸದ್ದು ಕೇಳಿಸಿತು. “ನಿಧಾನವಾಗಿ ಮೊದಲಿನಿಂದ ಹೇಳಿ, ಬರೆದುಕೊಳ್ಳುತ್ತೇನೆ,” ಎಂದರು. ನಾನು ಶನಿವಾರದಿಂದ ಹೇಳತೊಡಗಿದೆ.