ಎರಡು ಸಾಲಿನ ನೂಲು

ನೂಲು ಸಾಲುವುದಿಲ್ಲ ಎಂದು ನನಗೆ ಗೊತ್ತಾದದ್ದು ಮಧ್ಯಾಹ್ನ ಎರಡೂವರೆಗೆ. ಗೊತ್ತಾದ ಮೇಲೂ ನಾನು ಮಾಡಿದ್ದೇನು? ಕ್ರೋಶಾ ಕಡ್ಡಿಯನ್ನು ಇನ್ನಷ್ಟು ಜೋರಾಗಿ ಓಡಿಸಿದೆ. ಬೇಗಬೇಗ ಹೆಣೆದರೆ ನೂಲು ಮುಗಿಯುವುದರೊಳಗೆ ಶಾಲು ಮುಗಿದುಬಿಡುತ್ತದೆ ಎಂಬ ಪೆದ್ದುತನ ಈ ಕೆಲಸ ಮಾಡುವವರಿಗೆಲ್ಲ ಇದ್ದದ್ದೇ. ಇನ್ನೆರಡು ಸಾಲು ಬಾಕಿ ಇರುವಾಗ ಉಂಡೆ ಖಾಲಿಯಾಗಿ, ಬೆರಳಿನಲ್ಲಿ ಗೇಣುದ್ದದ ಬಾಲ ಉಳಿಯಿತು.

ಐದು ಗಂಟೆಗೆ ಶಾಲು ಅಂಗಡಿಯಲ್ಲಿರಬೇಕಿತ್ತು. ಶಾಲಿನ ಅಂಗಡಿಯಮ್ಮ ನಮ್ಮ ಬೀದಿಯ ನಾಲ್ಕು ಮನೆಗಳಿಂದ ಒಂದೊಂದು ಮಾದರಿ ಕೇಳಿದ್ದರು. ಯಾರದು ಒಪ್ಪಿಗೆಯಾಗುತ್ತದೋ ಅವರಿಗೇ ಚಳಿಗಾಲದ ಅಷ್ಟೂ ಕೆಲಸ. ಗಂಡನ ಕಾರ್ಖಾನೆ ಬಾಗಿಲು ಹಾಕಿ ಎರಡು ತಿಂಗಳಾಗಿತ್ತು, ಅವರು ದಿನವಿಡೀ ಕೆಲಸ ಹುಡುಕುತ್ತ ಅಲೆಯುತ್ತಿದ್ದರು. ಈ ಕೆಲಸ ತಪ್ಪಿದರೆ ನಾನೂ ಹೊರಗೆ ದುಡಿಯಲು ಹೋಗಬೇಕು. ಹಾಸಿಗೆ ಹಿಡಿದ ಅತ್ತೆಗೆ ಹೊತ್ತಿಗೊಂದು ಲೋಟ ನೀರು ಕೊಡುವವರು ಯಾರು?

ಇನ್ನೊಂದು ನೀಲಿ ಉಂಡೆ ತಂದು ಸೇರಿಸಿದರಾಯಿತು, ಯಾರಿಗೆ ಗೊತ್ತಾಗುತ್ತದೆ ಎಂದು ಆ ಹೊತ್ತಿಗೆ ಮನೆಗೆ ಬಂದ ಗಂಡ ಬುದ್ಧಿ ಹೇಳಿದರು. ಒಂದು ಬಣ್ಣದ ಹಂಡೆಯಲ್ಲಿ ಅದ್ದಿದ ನೀಲಿಗೆ ಇನ್ನೊಂದು ಹಂಡೆಯ ನೀಲಿ ಹೊಂದುವುದಿಲ್ಲ ಎಂದು ಅವರಿಗೆ ಯಾವ ಜನ್ಮದಲ್ಲಿ ತಿಳಿಯಬೇಕು! ಈ ಕಡುನೀಲಿಯನ್ನು ಮೂರು ವರ್ಷದ ಹಿಂದೆ ನಾನೂ ನನ್ನ ತಂಗಿಯೂ ಸೇರಿ ಕೊಂಡಿದ್ದೆವು. ಅದೇ ಹಂಡೆಯ ನೂಲು ಇನ್ನೊಂದೇ ಕಡೆ ಇತ್ತು, ನಾನು ಅವಳಿಗೆ ಹೆಣೆದುಕೊಟ್ಟ ಮಫ್ಲರಿನಲ್ಲಿ.

ಆ ವರ್ಷದಿಂದಲೇ ನಮಗೆ ಮಾತಿಲ್ಲ. ಅಂಗಡಿಗೆ ಕೊಡುವ ಪ್ರತಿ ಶಾಲಿಗೂ ಹೆಣೆದವರ ಹೆಸರು ಬರೆದು ಚೀಟಿ ಚುಚ್ಚುವುದು ರೂಢಿ. ಒಂದು ದೊಡ್ಡ ಶಾಲನ್ನು ಇಬ್ಬರೂ ಸೇರಿ ಮಾಡಿದ್ದೆವು, ಅರ್ಧ ಸಾಲುಗಳು ಅವಳವು. ಎಲ್ಲರೂ ಹೊಗಳಿದಾಗ ತಲೆ ತಿರುಗಿ, ಚೀಟಿಯಲ್ಲಿ ನನ್ನ ಹೆಸರೊಂದನ್ನೇ ಬರೆದೆ. ತನ್ನ ಹೆಸರೆಲ್ಲಿ ಎಂದು ಅವಳು ಕೇಳಿದಳು. ಕೋಪ ನನಗೆ ಮೂಗಿನ ತುದಿಯಲ್ಲೇ. ಹತ್ತು ಜನರೆದುರು, "ನೀನು ನೂಲು ಹಿಡಿದೆ ಅಷ್ಟೆ" ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಈಗ ಅವಳ ಬಳಿಗೇ ಹೋಗಬೇಕಿತ್ತು. ನನ್ನ ಮೇಲಿನ ಸಿಟ್ಟಿಗೆ ಅವಳು ಆ ಮಫ್ಲರನ್ನು ಮುಟ್ಟಿರಲಾರಳು, ಮಡಿಕೆ ಮುರಿಯದೆ ಪೆಟ್ಟಿಗೆಯ ತಳದಲ್ಲಿ ಹೊಸದಾಗಿಯೇ ಬಿದ್ದಿರುತ್ತದೆ ಎಂದು ಲೆಕ್ಕ ಹಾಕಿದೆ. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ. ಕೊನೆಯ ಕುಣಿಕೆ ಬಿಚ್ಚಿಹೋಗದಂತೆ ಪಿನ್ನು ಹಾಕಿ, ಅತ್ತೆಯನ್ನು ಗಂಡನಿಗೆ ಒಪ್ಪಿಸಿ, ಶಾಲನ್ನು ಚೀಲಕ್ಕೆ ತುರುಕಿಕೊಂಡು ಓಡಿದೆ.

ತಂಗಿ ಪುಸ್ತಕ ಬೈಂಡಿಂಗ್ ಅಂಗಡಿಯಲ್ಲಿ ಹಾಳೆಗಳನ್ನು ಹೊಲಿಯುತ್ತಿದ್ದಳು. ಒಳಗೆಲ್ಲ ಅಂಟಿನ ವಾಸನೆ. ನನ್ನನ್ನು ಕಂಡು ಸೂಜಿ ನಿಲ್ಲಿಸಿದಳು, ಮುಖ ಎತ್ತಲಿಲ್ಲ. ಗೋಡೆಯ ಗಡಿಯಾರ ಮೂರೂವರೆ ತೋರಿಸುತ್ತಿತ್ತು. ನಿಂತಲ್ಲೇ ಎಲ್ಲ ಒದರಿದೆ: ಅತ್ತೆ, ಕಾರ್ಖಾನೆ, ಎರಡು ಸಾಲು. ಆ ನೀಲಿ ಮಫ್ಲರ್ ಎಲ್ಲಿದೆ, ಈಗಲೇ ಹೋಗಿ ತರೋಣ ಎಂದೆ.

ಅವಳು ಕೊರಳಿಗೆ ಸುತ್ತಿಕೊಂಡಿದ್ದ ಬೂದಿ ಬಣ್ಣದ ಬಟ್ಟೆಯನ್ನು ತೆಗೆದು ಮೇಜಿನ ಮೇಲಿಟ್ಟಳು.

ನನಗೆ ಗುರುತೇ ಸಿಗಲಿಲ್ಲ. ಅಂಚಿನ ಹೆಣಿಗೆ ಮುಟ್ಟಿದಾಗ ಗೊತ್ತಾಯಿತು. ನನ್ನದೇ ಕೈ. ಕಡುನೀಲಿ ಮಾಸಿ ಮಾಸಿ ಬೂದಿಯಾಗಿತ್ತು.

"ಏನು ಮಾಡಿಟ್ಟಿದ್ದೀಯ ಇದನ್ನ?" ರೇಗಿಬಿಟ್ಟೆ.

"ಹಾಕ್ಕೊಂಡೆ" ಎಂದಳು.

ಮೂರು ಚಳಿಗಾಲ ಒಂದು ದಿನವೂ ಬಿಡದೆ ಹಾಕಿ ಒಗೆಯದಿದ್ದರೆ ಆ ಬಣ್ಣ ಬರುವುದಿಲ್ಲ. ನಾಚಿಕೆಯಿಂದ ಮುಖವೆಲ್ಲ ಬಿಸಿಯಾಯಿತು. ಇದು ಹೊಂದುವುದಿಲ್ಲ ಬಿಡು ಎಂದು ಚೀಲ ಎತ್ತಿಕೊಂಡೆ. ಅಷ್ಟರಲ್ಲಿ ಅವಳು ಮಫ್ಲರಿನ ಕೊನೆಯ ಗಂಟು ಹುಡುಕಿ ಕತ್ತರಿಸಿ ಸರಸರನೆ ಬಿಚ್ಚತೊಡಗಿದ್ದಳು. ಸುರುಳಿ ಸುರುಳಿಯಾಗಿ ಬಂದ ನೂಲನ್ನು ತನ್ನ ಎರಡೂ ಕೈಗೆ ಸುತ್ತಿಕೊಂಡು ನನ್ನೆದುರು ಚಾಚಿದಳು.

"ಹೆಣಿ. ಹಿಡಿಯೋ ಕೆಲಸ ನನಗೆ ಬರುತ್ತಲ್ಲ."

ಚುಚ್ಚಿತು. ಚುಚ್ಚಲಿ ಎಂದೇ ಹೇಳಿದ್ದಳು. ತಲೆ ತಗ್ಗಿಸಿ ಹೆಣೆದೆ. ಎರಡು ಸಲ ಲೆಕ್ಕ ತಪ್ಪಿ ಬಿಚ್ಚಿದೆ. ಮುಗಿದಾಗ ಐದಕ್ಕೆ ಹದಿನೈದು ನಿಮಿಷ ಇತ್ತು.

ಅವಳೂ ಜೊತೆಗೆ ಬಂದಳು, ಬರಿಗೊರಳಲ್ಲಿ. ಒಳಗೆ ಬಾ ಎಂದರೆ ಬರಲಿಲ್ಲ, ಅಂಗಡಿಯ ಗಾಜಿನಾಚೆ ಗಾಳಿಯಲ್ಲಿ ನಿಂತಳು. ನಾನು ಒಳಗೆ ಚೀಟಿಗೆ ಎರಡು ಹೆಸರು ಬರೆದು ಚುಚ್ಚಿದೆ.

ಅಂಗಡಿಯಮ್ಮ ಶಾಲನ್ನು ಹರವಿ ಬೂದಿ ಅಂಚಿನ ಮೇಲೆ ಬೆರಳಾಡಿಸಿದರು. ಬೈಯುತ್ತಾರೆಂದುಕೊಂಡಿದ್ದೆ. ಅಂಚು ಚೆನ್ನಾಗಿದೆ, ಇದೇ ಥರ ಮಾಡಿಕೊಡಿ ಎಂದರು. ಆಮೇಲೆ ಚೀಟಿ ನೋಡಿದರು.

ಇಬ್ಬರಿಗೆ ಕೆಲಸ ಕೊಡುವುದಿಲ್ಲವಂತೆ. ಒಬ್ಬರ ಕೈ ಬಿಗಿ, ಇನ್ನೊಬ್ಬರದು ಸಡಿಲ, ಒಂದು ಶಾಲು ಇನ್ನೊಂದರಂತೆ ಇರುವುದಿಲ್ಲ, ಗಿರಾಕಿಗಳಿಗೆ ಉತ್ತರ ಹೇಳುವವರು ತಾವು. ಪೆನ್ನನ್ನು ನನ್ನ ಕಡೆ ತಳ್ಳಿದರು.

"ಒಂದು ಹೆಸರು ಹೊಡೆದು ಹಾಕಿ. ಕೆಲಸ ನಿಮ್ಮದೇ."

ಈ ಸಲ ತಂಗಿ ನಿಜವಾಗಿಯೂ ನೂಲು ಹಿಡಿದದ್ದಷ್ಟೆ. ಒಂದು ಕುಣಿಕೆಯೂ ಅವಳದಲ್ಲ. ಅವಳ ಹೆಸರು ಹೊಡೆದರೆ ಅದು ಸುಳ್ಳಾಗುತ್ತಿರಲಿಲ್ಲ. ಮನೆಯಲ್ಲಿ ಅತ್ತೆ, ಗಾಜಿನಾಚೆ ಇವಳು, ಎರಡೂ ಕೈ ಕಂಕುಳಲ್ಲಿಟ್ಟುಕೊಂಡು ನಡುಗುತ್ತಿದ್ದಳು. ನಾನು ಪೆನ್ನು ಹಿಡಿದದ್ದನ್ನು ಕಂಡು ಆಚೆ ತಿರುಗಿದಳು.

ಪೆನ್ನು ಕೆಳಗಿಟ್ಟೆ.

"ಆಗಲ್ಲಮ್ಮ" ಎಂದೆ.

ಅವರು ಹೆಚ್ಚು ಕೇಳಲಿಲ್ಲ. ಶಾಲು ಮಡಿಸಿ ಕೊಟ್ಟು, ನಮ್ಮ ಬೀದಿಯ ಮೂಲೆಮನೆಯವರ ಶಾಲನ್ನು ಮೇಜಿಗೆ ಎಳೆದುಕೊಂಡರು.

ಹೊರಗೆ ಬಂದು ಆ ಶಾಲನ್ನು ಬಿಡಿಸಿ ತಂಗಿಗೆ ಹೊದಿಸಿದೆ. ಒಪ್ಪಲಿಲ್ಲವಾ ಎಂದು ಕೇಳಿದಳು. ಇಲ್ಲ, ನಾಳೆಯಿಂದ ಹೊರಗಿನ ಕೆಲಸ ಹುಡುಕಬೇಕು ಎಂದೆ. ಅತ್ತೆಯ ಗತಿ ಏನು ಎಂದಳು. ಜಾರುತ್ತಿದ್ದ ಶಾಲನ್ನು ಅವಳ ಹೆಗಲಿಗೆ ಸರಿಮಾಡಿದೆ. ಶಾಲನ್ನು ಎದೆಗೆ ಎಳೆದುಕೊಳ್ಳುವಾಗ ಚೀಟಿ ಅವಳ ಕೈಗೆ ತಗುಲಿತು. ಅಂಗಡಿಯ ಬೆಳಕಿಗೆ ಹಿಡಿದು ಎರಡು ಸಲ ಓದಿದಳು. ಆಮೇಲೆ ಬೂದಿ ಅಂಚಿನ ಹೆಣಿಗೆಯನ್ನು ಬೆರಳಲ್ಲಿ ಎಳೆದು ನೋಡಿದಳು.

"ನಿನ್ನ ಕೈ ಇನ್ನೂ ಬಿಗಿನೇ, ಅಕ್ಕ."

ಮೂರು ವರ್ಷದ ಮೇಲೆ ಅಕ್ಕ ಎಂದಳು. ಚುಚ್ಚೀತೆಂದು ಚೀಟಿಯ ಪಿನ್ನು ತೆಗೆಯಲು ಹೋದೆ. ಇರಲಿ ಎಂದು ನನ್ನ ಕೈ ತಡೆದಳು.