ರೀಡೆನ್ ದೊರೆಯ ವಿಚಾರಣೆ

ಮಗ ಮಾಯಿಲಪ್ಪ ತಾನೂ ತಾಳಮದ್ದಳೆಗೆ ಬರುತ್ತೇನೆಂದಾಗ ರುಕ್ಮಯ್ಯ ಗಂಜಿಯ ಬಟ್ಟಲನ್ನು ಅರ್ಧಕ್ಕೇ ಸರಿಸಿದ. ಸಿಪಾಯಿಯಾಗಿ ಯುದ್ಧಕ್ಕೆ ಹೋಗಿ, ಚೀನಾದವರ ಸೆರೆಯಿಂದ ಬಿಡುಗಡೆಯಾಗಿ ಊರು ಪುತ್ತಿಗೆಗೆ ಬಂದ ಮೇಲೆ ಹುಡುಗ ಅಂಗಳ ದಾಟಿದವನಲ್ಲ. ದಾಟುವುದಾದರೂ ಹೇಗೆ? 'ವೈರಿಗೆ ಕೈ ಎತ್ತಿ ಬಂದವ' ಎಂದು ಊರಿಗೆ ಊರೇ ಗುಸುಗುಸು. ಇವತ್ತೇ ಇವನಿಗೆ ಹೊರಗೆ ಹೋಗುವ ಮನಸ್ಸಾಗಬೇಕೆ?

"ಬಿಸಿಲು ಜೋರುಂಟು ಮಾರಾಯ. ನೀನು ಮಲಗು."

"ಇಲ್ಲ ಅಪ್ಪ, ಬರ್ತೇನೆ. ನಿಮ್ಮ ಮಾತು ಕೇಳದೆ ಎಷ್ಟು ಸಮಯ ಆಯ್ತು."

ಇವತ್ತು ಅವನು ಬರುವುದು ರುಕ್ಮಯ್ಯನಿಗೆ ಬೇಡವಾಗಿತ್ತು. ಕಾರಣವಿತ್ತು. ಮೂಡುಬಿದಿರೆಯ ಚರಿತ್ರೆ ಮೇಷ್ಟ್ರು ನೇಮಿರಾಜರು ಪುರಾಣ ಸಾಕೆಂದು, ಪ್ರಷ್ಯ ದೇಶದ ಹಳೆಯ ಸೇನಾಧಿಕಾರಿಯೊಬ್ಬನ ಕಥೆಯನ್ನೇ ಪ್ರಸಂಗ ಮಾಡಿದ್ದರು. ರೀಡೆನ್ ಎಂದು ಅವನ ಹೆಸರು. ಮೀಸೆ ಮೂಡುವ ಮೊದಲೇ ಸೈನ್ಯದ ಶಾಲೆ ಸೇರಿ, ಒಂದು ಕಿವಿಯನ್ನು ಯುದ್ಧಕ್ಕೆ ಕೊಟ್ಟು, ಒಂದೊಂದೇ ಮೆಟ್ಟಿಲು ಹತ್ತಿದವ. ತಲೆ ನರೆತ ಮೇಲೆ ಒಂದು ಕೋಟೆಯ ಅಧಿಕಾರ ಸಿಕ್ಕಿತು. ಫ್ರೆಂಚರ ಪಡೆ ಮುತ್ತಿದಾಗ ಬಾಗಿಲು ತೆರೆದು ಶರಣಾದ. ಅಲ್ಲಿಗೆ ಇಡೀ ಜೀವಮಾನದ ಕೀರ್ತಿ ನೀರುಪಾಲು. ಸೈನ್ಯದ ನ್ಯಾಯಾಲಯ ಅವನ ಖಡ್ಗ ಕಿತ್ತುಕೊಂಡು ಸೆರೆಗೆ ತಳ್ಳಿತು.

ರೀಡೆನ್ ಆಗಿ ಅರ್ಥ ಹೇಳುವವರು, ಎಂದರೆ ಅವನ ಮಾತು ಆಡುವವರು, ಮೇಷ್ಟ್ರೇ. ಅವನಿಗೆ ಛೀಮಾರಿ ಹಾಕುವ ಸೇನಾಪತಿ ರುಕ್ಮಯ್ಯ. ತಾಳಮದ್ದಳೆಯಲ್ಲಿ ವೇಷವಿಲ್ಲ, ಬರೆದಿಟ್ಟ ಮಾತಿಲ್ಲ. ಕುಳಿತಲ್ಲೇ ವಾದ ಹೂಡಬೇಕು. ವಾದದಲ್ಲಿ ರುಕ್ಮಯ್ಯನನ್ನು ಮಣಿಸಿದವರು ಬಂಟ್ವಾಳದವರೆಗೆ ಹುಡುಕಿದರೂ ಇರಲಿಲ್ಲ. ಆದರೆ ಈ ಪಾತ್ರ ಒಪ್ಪಿಕೊಂಡಾಗ ಮಗ ಸೆರೆಸಿಕ್ಕ ಸುದ್ದಿಯೇ ಬಂದಿರಲಿಲ್ಲ. ಈಗ ಹಿಂದೆ ಸರಿದರೆ ಜನ ಅದಕ್ಕೂ ಮಗನ ಹೆಸರನ್ನೇ ಎಳೆದು ತರುತ್ತಾರೆ.

ಶಾಲೆಯ ಹಾಲ್ ತುಂಬಿತ್ತು. ಮಾಯಿಲಪ್ಪ ಕೊನೆಯ ಕಂಬಕ್ಕೆ ಒರಗಿ ಕುಳಿತ. ಭಾಗವತ ಗುರುವಪ್ಪ ಪದ ಹಾಡಿ ನಿಲ್ಲಿಸಿದ್ದೇ ತಡ, ರುಕ್ಮಯ್ಯನ ನಾಲಗೆ ಹಳೆಯ ಚಾಳಿಯಂತೆ ಓಡಿತು.

"ಅನ್ನ ಕೊಟ್ಟ ಅರಸನಿಗೆ ಪ್ರಾಣ ಕೊಡಲಾರದವ ಖಡ್ಗವನ್ನೇಕೆ ಕಟ್ಟಿದೆ?"

ಚಪ್ಪಾಳೆ ಬಿತ್ತು. ಕೆಲವರು ತಿರುಗಿ ಕಂಬದತ್ತ ನೋಡಿದರು. ರುಕ್ಮಯ್ಯ ಅದನ್ನು ಕಂಡ.

ಮೇಷ್ಟ್ರು ಇಲ್ಲಿ ತಲೆ ಬಾಗಿಸಿ ಕ್ಷಮೆ ಕೇಳುವುದೆಂದು ಮಾತಾಗಿತ್ತು. ಆದರೆ ವಾದ ಕಾವೇರಿದ ಮೇಲೆ ಯಾರ ಒಪ್ಪಂದ ಯಾರಿಗೆ ನೆನಪು!

"ಸೇನಾಪತಿಗಳೇ, ಕೋವಿಯ ಮದ್ದು ಮುಗಿದಿತ್ತು. ನನ್ನ ಹಿಂದೆ ನೂರಾರು ತಾಯಂದಿರ ಮಕ್ಕಳಿದ್ದರು. ಅವರಲ್ಲೊಬ್ಬ ನಿಮ್ಮ ಮಗನಾಗಿದ್ದರೆ ಬಾಗಿಲು ತೆರೆ ಎನ್ನುತ್ತಿದ್ದಿರೋ, ಸಾಯಲಿ ಎನ್ನುತ್ತಿದ್ದಿರೋ?"

ಯಾರನ್ನು ಏನು ಕೇಳಿದೆನೆಂದು ಮೇಷ್ಟ್ರಿಗೆ ಆಮೇಲೆ ಹೊಳೆದು, ಮುಖ ಕಪ್ಪಿಟ್ಟಿತು.

'ಸಾಯಲಿ' ಎಂಬ ಉತ್ತರ ರುಕ್ಮಯ್ಯನ ನಾಲಗೆಯ ತುದಿಯಲ್ಲೇ ಇತ್ತು. ಅದೊಂದು ಮಾತು ಹೇಳಿದರೆ ಸಭೆ ಗೆದ್ದ ಹಾಗೆ. ಹೇಳದಿದ್ದರೆ ಸೋಲು. ಗುರುವಪ್ಪ ತಾಳ ಹಿಡಿದು ಕಾಯುತ್ತಿದ್ದ.

"ಹೇಳಿ ರುಕ್ಮಯ್ಯಣ್ಣ!" ಎದುರು ಕುಳಿತವರೊಬ್ಬರು ಹುರಿದುಂಬಿಸಿದರು.

ರುಕ್ಮಯ್ಯ ಕಂಬದ ಕಡೆ ನೋಡಿದ. ಮಗ ತಲೆ ತಗ್ಗಿಸಿದ್ದ.

"ತೆರೆ ಎನ್ನುತ್ತಿದ್ದೆ. ಕೋಟೆ ಹೋಗಲಿ, ಮಗ ಬರಲಿ ಎನ್ನುತ್ತಿದ್ದೆ. ನಾನು ಸೋತೆ, ರೀಡೆನ್. ಖಡ್ಗ ನಿನ್ನಲ್ಲೇ ಇರಲಿ."

"ಇದು ಎಲ್ಲಿಯ ಚರಿತ್ರೆ ಮಾರಾಯ್ರೆ!" ಎಂದು ಯಾರೋ ಗೊಣಗಿದರು. ಇಂಥ ತೀರ್ಪಿಗೆ ಪ್ರಸಂಗದಲ್ಲಿ ಪದವೇ ಇಲ್ಲದೆ ಗುರುವಪ್ಪ ಅವಸರದಲ್ಲಿ ಮಂಗಳ ಹಾಡಿಬಿಟ್ಟ.

ಅಪ್ಪ ಮಗ ಮನೆಯತ್ತ ಹೊರಟರು. ದಾರಿಯ ಮೋರಿಯ ಹತ್ತಿರ ಮಾಯಿಲಪ್ಪ ನಿಂತ.

"ನಮ್ಮಲ್ಲೂ ಗುಂಡು ಮುಗಿದಿತ್ತು ಅಪ್ಪ. ನೀವು ಕೇಳಲೇ ಇಲ್ಲ."

"ಕೇಳ್ಲಿಕ್ಕೆ ಹೆದರಿಕೆ ಆಗ್ತಿತ್ತು ಮಗಾ. ಈಗ ಹೇಳು."

ಮಾಯಿಲಪ್ಪ ಮೋರಿಯ ಕಟ್ಟೆಯ ಮೇಲೆ ಕುಳಿತು ಹೇಳತೊಡಗಿದ. ಜೀವಮಾನದಲ್ಲಿ ಮೊದಲ ಸಲ ರುಕ್ಮಯ್ಯ ನಡುವೆ ಬಾಯಿ ಹಾಕದೆ ಕೇಳಿದ.